ಹಿತ್ತಲಲ್ಲೇ ಕೂತು ಹಕ್ಕಿ, ಚಿಟ್ಟೆ ನೋಡುವುದು, ಫೋಟೊ ತೆಗೆಯುವುದು ಹೇಗೆ?

ಬಾಗಲಕೋಟೆ ನವನಗರದ ನಮ್ಮ ಹಿತ್ತಲಲ್ಲಿ ತೆಗೆದ ಫೋಟೊಗಳನ್ನು ನೋಡಿದವರು ಮತ್ತೆ ಮತ್ತೆ ಎರಡೇ ಪ್ರಶ್ನೆ ಕೇಳುತ್ತಾರೆ. ಒಂದು, “ಯಾವ ಕ್ಯಾಮೆರಾ ತಗೋಬೇಕು?” ಇನ್ನೊಂದು, “ನಮ್ಮ ಹಿತ್ತಲ ಹದಿನೈದು ಅಡಿನೂ ಇಲ್ಲ, ಇಲ್ಲಿಗೆ ಏನು ಬಂದೀತು?” ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಒಂದು ಕರಿಬೇವಿನ ಗಿಡ, ಒಂದು ನುಗ್ಗೆ ಮರ, ಕಾಂಪೌಂಡಿನ ಆಚೆ ತಾನಾಗಿ ಹುಟ್ಟಿದ ಎಕ್ಕೆ, ಒಂದು ತಾಟು ನೀರು. ಇಷ್ಟಿದ್ದರೆ ಸಾಕು. ನಮ್ಮದು ವರ್ಷಕ್ಕೆ ಆರು ನೂರು ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚು ಅನ್ನುವ ಸೀಮೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ. ಸುತ್ತ ಎಲ್ಲ ಒಣಗಿದಾಗ ನಿಮ್ಮ ಹಿತ್ತಲಿನ ಹಸಿ ಮಣ್ಣು, ಒಂದಿಷ್ಟು ನೆರಳು ಪ್ರಾಣಿಗಳಿಗೆ ದೊಡ್ಡದು. ಮಲೆನಾಡಿನವರಿಗೆ ಕಾಡು ಇದೆ, ನಮಗೇನಿದೆ ಅಂತ ಕೊರಗುವವರಿಗೆ ನಾನು ಹೇಳುವುದು ಇದನ್ನೇ. ಒಣ ಸೀಮೆಯಲ್ಲಿ ನೀರು ಇರುವ ಕಡೆಗೇ ಜೀವಗಳು ಬರುತ್ತವೆ. ಹಾಗಾಗಿ ನೋಡುವುದು ಇಲ್ಲಿ ಸುಲಭ.

ಮೊದಲನೆಯ ಪ್ರಶ್ನೆಗೆ ಉತ್ತರ: ಈಗ ಕೈಯಲ್ಲಿರುವ ಫೋನು. ಕನಿಷ್ಠ ಮೂರು ತಿಂಗಳು ಏನೂ ಕೊಳ್ಳಬೇಡಿ.

ಮುಂದೆ ಬರೆದಿರುವ ಎಲ್ಲದರ ಹಿಂದೆ ಒಂದೇ ಮಾತಿದೆ. ಬೆನ್ನು ಹತ್ತಬೇಡಿ. ಅದು ಬರುವ ಜಾಗಕ್ಕೆ ನೀವು ಮೊದಲೇ ಹೋಗಿ ಕೂತಿರಿ.

ಏನೇನು ಬೇಕು

ಒಂದು ನೋಟ್‌ಬುಕ್, ಪೆನ್ನು. ಕೂರಲು ಗಿಡ್ಡ ಸ್ಟೂಲ್ ಅಥವಾ ಮಣೆ. ಕುಂಬಾರರ ಹತ್ತಿರ ಸಿಗುವ ಅಗಲವಾದ ಮಣ್ಣಿನ ತಾಟು. ಮಣ್ಣಿನ ಬಣ್ಣದ ಅಥವಾ ಮಾಸಿದ ಹಸಿರು ಅಂಗಿ. ಫೋನು. ಕೊಳ್ಳಲೇಬೇಕು ಅನ್ನಿಸಿದರೆ ಕ್ಯಾಮೆರಾಕ್ಕಿಂತ ಮೊದಲು ದುರ್ಬೀನು ಕೊಳ್ಳಿ. ಅದರ ಮೇಲೆ 8x42 ಅಂತ ಬರೆದಿರುತ್ತದೆ. 8 ಅಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ ಅಂತ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. 20 ಪಟ್ಟು, 30 ಪಟ್ಟು ಅನ್ನುವ ಅಗ್ಗದವುಗಳಿಗೆ ಮರುಳಾಗಬೇಡಿ. ಕೈ ಸ್ವಲ್ಪ ಅಲುಗಿದರೂ ಅದರಲ್ಲಿ ಏನೂ ಕಾಣುವುದಿಲ್ಲ.

ಹಂತ 1: ಹದಿನೈದು ದಿನ ಸುಮ್ನೆ ಕೂರಿ

ಎಲ್ಲರೂ ಬಿಡುವ ಹಂತ ಇದು. ದಿನಾ ಒಂದೇ ಜಾಗ, ಒಂದೇ ಹೊತ್ತು, ಇಪ್ಪತ್ತು ನಿಮಿಷ. ಫೋನ್ ಒಳಗೇ ಇರಲಿ.

ಮೊದಲ ಐದು ನಿಮಿಷ ಏನೂ ಕಾಣುವುದಿಲ್ಲ. ನೀವು ಬಾಗಿಲು ತೆರೆದ ಸದ್ದಿಗೆ ಎಲ್ಲ ಬಚ್ಚಿಟ್ಟುಕೊಂಡಿರುತ್ತವೆ. ಆಮೇಲೆ ಒಂದೊಂದೇ ಹೊರಗೆ ಬರುತ್ತವೆ. ಅಳಿಲು ಯಾವ ಗೋಡೆಯ ಮೇಲಿಂದ ಇಳಿಯುತ್ತದೆ, ಓತಿಕ್ಯಾತ ಯಾವ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತದೆ, ಸೂರಕ್ಕಿ ನುಗ್ಗೆ ಹೂವಿಗೆ ಬರುವ ಮೊದಲು ಯಾವ ಟೊಂಗೆಯ ಮೇಲೆ ಕೂರುತ್ತದೆ ಅಂತ ಬರೆದಿಡಿ. ದಿನಾಂಕ, ಹೊತ್ತು, ಬಿಸಿಲೋ ಮೋಡವೋ ಅನ್ನುವುದೂ ಇರಲಿ. ಹೆಸರು ಗೊತ್ತಿಲ್ಲದಿದ್ದರೆ “ಗುಬ್ಬಿಗಿಂತ ಸಣ್ಣ, ಬಾಲ ಮೇಲಕ್ಕೆ, ಜೋರು ದನಿ” ಅಂತ ಬರೆದರೂ ಸಾಕು. ಅದು ಬಹುಶಃ ಟುವ್ವಿ. ಎಲೆಯ ಎರಡು ಅಂಚುಗಳನ್ನು ನಾರಿನಿಂದ ಹೊಲಿದು ಅದರೊಳಗೆ ಗೂಡು ಮಾಡುವ ಹಕ್ಕಿ ಅದು.

ಹತ್ತನೆಯ ದಿನದ ಹೊತ್ತಿಗೆ ನಿಮಗೊಂದು ವಿಷಯ ಹೊಳೆಯುತ್ತದೆ. ಬಹಳಷ್ಟು ಜೀವಗಳು ಗಡಿಯಾರ ನೋಡಿದಂತೆ ಬರುತ್ತವೆ. ಹೆಚ್ಚುಕಡಿಮೆ ಅದೇ ಹೊತ್ತು, ಅದೇ ಟೊಂಗೆ. ಇದು ಗೊತ್ತಾದ ಮೇಲೆ ಅರ್ಧ ಫೋಟೊ ತೆಗೆದಂತೆಯೇ. ಇನ್ನೊಂದು ಲಾಭವೂ ಇದೆ. ಅಷ್ಟು ದಿನದಲ್ಲಿ ಅವೂ ನಿಮ್ಮನ್ನು ನೋಡಿರುತ್ತವೆ. ಅದೇ ಜಾಗದಲ್ಲಿ ಅಲುಗಾಡದೆ ಕೂರುವವರಿಂದ ಅಪಾಯವಿಲ್ಲ ಅಂತ ಅವಕ್ಕೂ ತಿಳಿಯುತ್ತದೆ.

ಹಂತ 2: ನೀರಿಡಿ, ಆದರೆ ಸರಿಯಾಗಿ ಇಡಿ

ಬೇಸಿಗೆಯಲ್ಲಿ ನೀರಿಡುವವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಒಳ್ಳೆಯದು. ಆದರೆ ಪ್ಲಾಸ್ಟಿಕ್ ಬಕೆಟ್, ಆಳವಾದ ಬೋಗುಣಿ ಇಡಬೇಡಿ. ಜಾರುವ ಅಂಚಿನ ಮೇಲೆ ಸಣ್ಣ ಹಕ್ಕಿ ನಿಲ್ಲಲಾರದು. ಒಳಗೆ ಬಿದ್ದರೆ ಮೇಲೆ ಬರಲಾರದು. ನೀರು ಎರಡು ಬೆರಳಿನಷ್ಟು ಆಳ ಇದ್ದರೆ ಸಾಕು. ನಡುವೆ ನೀರಿನಿಂದ ಮೇಲೆ ಕಾಣುವಂತೆ ಒಂದೆರಡು ಒರಟು ಕಲ್ಲು ಇಡಿ. ಜೇನುಹುಳ ಅದರ ಮೇಲೆ ಕೂತು ಕುಡಿಯುತ್ತದೆ.

ಎಲ್ಲಿ ಇಡಬೇಕು ಅನ್ನುವುದು ಇದಕ್ಕಿಂತ ಮುಖ್ಯ. ಪೊದೆಯ ಬುಡದಲ್ಲಿ ಇಟ್ಟರೆ ಬೆಕ್ಕು ಅಡಗಿ ಕೂರುತ್ತದೆ. ಪೊದೆಯಿಂದ ಆರೇಳು ಅಡಿ ದೂರ, ತೆರೆದ ಜಾಗದಲ್ಲಿ, ನೆರಳಿರುವ ಕಡೆ ಇಡಿ. ತಾಟಿನಿಂದ ಎರಡು ಅಡಿ ದೂರಕ್ಕೆ ಒಂದು ಒಣ ಟೊಂಗೆ ನೆಡಿ. ಹಕ್ಕಿ ನೇರವಾಗಿ ನೀರಿಗೆ ಇಳಿಯುವುದಿಲ್ಲ. ಮೊದಲು ಟೊಂಗೆಯ ಮೇಲೆ ಕೂತು ಅತ್ತಿತ್ತ ನೋಡುತ್ತದೆ. ನಿಮ್ಮ ಫೋಟೊ ಸಿಗುವುದು ಆ ಟೊಂಗೆಯ ಮೇಲೆ. ಅದರ ಹಿಂದೆ ಗ್ಯಾಸ್ ಸಿಲಿಂಡರ್, ಬಟ್ಟೆ ಒಣಗಿಸುವ ಹಗ್ಗ ಕಾಣದ ಹಾಗೆ ಈಗಲೇ ನೋಡಿಕೊಂಡು ನೆಡಿ.

ನೀರನ್ನು ದಿನಾ ಚೆಲ್ಲಿ ಹೊಸದು ತುಂಬಿ. ನಮ್ಮ ಬಿಸಿಲಿನಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮೂರು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ತಿಕ್ಕಿ ತೊಳೆಯಿರಿ. ಸೋಪು ಬೇಡ. ಕಾಳು ಹಾಕುವುದಾದರೆ ಸಜ್ಜೆ, ನವಣೆ ಅಥವಾ ಜೋಳದ ನುಚ್ಚು ಒಂದೇ ಹಿಡಿ ಹಾಕಿ. ಬ್ರೆಡ್, ಉಪ್ಪು ಖಾರ ಹಾಕಿದ ತಿಂಡಿ ಬೇಡ. ರಾಶಿ ಕಾಳು ಹಾಕಿದರೆ ಪಾರಿವಾಳ ಮತ್ತು ಇಲಿ ಮಾತ್ರ ಉಳಿಯುತ್ತವೆ, ಗುಬ್ಬಿ ದೂರವಾಗುತ್ತದೆ.

ಬಚ್ಚಲ ನೀರು ಹರಿದು ಮಣ್ಣು ಒದ್ದೆ ಇರುವ ಜಾಗವನ್ನೂ ಗಮನಿಸಿ. ಅಲ್ಲಿ ಚಿಟ್ಟೆಗಳು ಸಾಲಾಗಿ ಕೂತು ಮಣ್ಣು ಹೀರುತ್ತವೆ. ಹೆಚ್ಚಾಗಿ ಗಂಡು ಚಿಟ್ಟೆಗಳು. ಮಕರಂದದಲ್ಲಿ ಸಿಗದ ಉಪ್ಪಿನ ಅಂಶ ಅವಕ್ಕೆ ಅಲ್ಲಿ ಸಿಗುತ್ತದೆ. ಆ ಹೊತ್ತಿನಲ್ಲಿ ಅವು ಬೇಗ ಹಾರುವುದಿಲ್ಲ. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಇಲ್ಲ.

ಹಂತ 3: ಗಿಡ ಹಾಕುವಾಗ ಹೂವಿಗಿಂತ ಮೊದಲು ಎಲೆ ನೋಡಿ

“ಚಿಟ್ಟೆ ಬರಲಿ ಅಂತ ಬಣ್ಣದ ಹೂವಿನ ಗಿಡ ಹಾಕಿದೆ, ಬಂದ ಚಿಟ್ಟೆ ನಿಲ್ಲೋದೇ ಇಲ್ಲ” ಅಂತ ತುಂಬ ಜನ ಹೇಳುತ್ತಾರೆ. ಕಾರಣ ಇಷ್ಟೇ. ಹೂವು ಚಿಟ್ಟೆಗೆ ದಾರಿಯಲ್ಲಿ ಸಿಗುವ ಖಾನಾವಳಿ. ಅದು ಮೊಟ್ಟೆ ಇಡುವುದು ಮರಿ ತಿನ್ನುವ ಎಲೆಯ ಮೇಲೆ. ಹಾಗೆ ಮರಿಗೆ ಊಟವಾಗುವ ಗಿಡವನ್ನು ಆಸರೆ ಗಿಡ ಅನ್ನುತ್ತಾರೆ. ಒಂದೊಂದು ಜಾತಿಯ ಚಿಟ್ಟೆಗೆ ಕೆಲವೇ ಆಸರೆ ಗಿಡಗಳು. ಅದು ಇಲ್ಲದ ಹಿತ್ತಲಿಗೆ ಚಿಟ್ಟೆ ಬಂದು ಹೋಗುತ್ತದೆಯೇ ಹೊರತು ಅಲ್ಲೇ ಹುಟ್ಟುವುದಿಲ್ಲ.

ಸಂತೋಷದ ಸಂಗತಿ ಅಂದರೆ ಅವುಗಳಲ್ಲಿ ಹಲವು ನಮ್ಮ ಮನೆಯಲ್ಲಿ ಆಗಲೇ ಇವೆ. ಕರಿಬೇವು ಮತ್ತು ನಿಂಬೆಯ ಎಳೆ ಎಲೆಯ ಮೇಲೆ ನಿಂಬೆ ಚಿಟ್ಟೆ, ಕಾಮನ್ ಮಾರ್ಮನ್ ಎರಡೂ ಮೊಟ್ಟೆ ಇಡುತ್ತವೆ. ಮರಿ ಸಣ್ಣದಿದ್ದಾಗ ಕಂದು–ಬಿಳಿ ಬಣ್ಣ, ನೋಡಿದರೆ ಹಕ್ಕಿಯ ಹಿಕ್ಕೆ ಅಂತಲೇ ಅನ್ನಿಸುತ್ತದೆ. ಹಕ್ಕಿಯ ಕಣ್ಣು ತಪ್ಪಿಸಲು ಆ ವೇಷ. ಬೆಳೆದ ಮೇಲೆ ಎಲೆಯ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೋಡಿನಂಥದ್ದು ಹೊರಬರುತ್ತದೆ, ಘಾಟು ವಾಸನೆ ಬೀರುತ್ತದೆ. ಇಷ್ಟನ್ನೂ ಫೋನಿನಲ್ಲಿ, ಅಡುಗೆ ಮನೆಯ ಬಾಗಿಲಿನ ಹತ್ತಿರವೇ, ದಿನಕ್ಕೊಂದರಂತೆ ತೆಗೆಯಬಹುದು. ಹಾರುವ ಚಿಟ್ಟೆಯ ಹಿಂದೆ ಓಡುವುದಕ್ಕಿಂತ ಒಂದೇ ಮರಿಯನ್ನು ಮೊಟ್ಟೆಯಿಂದ ರೆಕ್ಕೆಯವರೆಗೆ ತೆಗೆದ ಸರಣಿ ನನಗೆ ಹೆಚ್ಚು ಇಷ್ಟ. ಕೋಶ ಕಟ್ಟಿದ ಮೇಲೆ ಹತ್ತು ದಿನದ ಆಸುಪಾಸು ಕಾಯಿರಿ. ಕೋಶ ಗಾಢವಾಗಿ, ಒಳಗಿನ ರೆಕ್ಕೆಯ ಬಣ್ಣ ಕಂಡರೆ ಮರುದಿನ ಬೆಳಿಗ್ಗೆ ಬೇಗ ಎದ್ದು ಅಲ್ಲೇ ಕೂರಿ.

ಎಕ್ಕೆ ಪ್ಲೇನ್ ಟೈಗರ್ ಚಿಟ್ಟೆಯ ಮನೆ. ಕಿತ್ತಳೆ ರೆಕ್ಕೆ, ತುದಿಯಲ್ಲಿ ಕಪ್ಪು, ಅದರೊಳಗೆ ಬಿಳಿ ಮಚ್ಚೆ. ಎಕ್ಕೆಯ ವಿಷವನ್ನು ಮರಿ ತನ್ನ ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಹಕ್ಕಿಗಳು ಅದನ್ನು ಬಿಟ್ಟುಬಿಡುತ್ತವೆ. ಈ ಲಾಭ ಕಂಡು ಡಾನೇಯ್ಡ್ ಎಗ್‌ಫ್ಲೈ ಅನ್ನುವ ಚಿಟ್ಟೆಯ ಹೆಣ್ಣು ಅದರಂತೆಯೇ ವೇಷ ಹಾಕುತ್ತದೆ. ಅದರ ಮರಿ ತಿನ್ನುವುದು ನಾವು ಪಲ್ಯ ಮಾಡುವ ಗೋಣಿ ಸೊಪ್ಪನ್ನು! ಕಣಗಿಲೆಗೆ ಕಾಮನ್ ಕ್ರೋ, ಔಡಲಕ್ಕೆ ಕಾಮನ್ ಕ್ಯಾಸ್ಟರ್. ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ, ಔಡಲ ಬೀಜ ಮತ್ತು ಕಣಗಿಲೆ ವಿಷ. ಸಣ್ಣ ಮಕ್ಕಳಿರುವ ಮನೆಯಾದರೆ ಇವು ಕಾಂಪೌಂಡಿನ ಹೊರಗೇ ಇರಲಿ.

ಹಕ್ಕಿಗೆ ದಾಸವಾಳ, ನುಗ್ಗೆ, ಪೇರಲ, ದಾಳಿಂಬೆ. ನುಗ್ಗೆ ಹೂ ಬಿಟ್ಟಾಗ ದಪ್ಪ ಕಪ್ಪು ಬಡಿಗ ದುಂಬಿಯೂ ಬರುತ್ತದೆ. ಸದ್ದು ಜೋರು, ತಾನಾಗಿ ಮೈಮೇಲೆ ಬರುವುದಿಲ್ಲ. ಸಂಜೆಮಲ್ಲಿಗೆ ಒಂದು ಗಿಡ ಇರಲಿ, ಹೊತ್ತು ಮುಳುಗಿದ ಮೇಲೆ ಹಾಕ್ ಮಾತ್ ಅನ್ನುವ ದೊಡ್ಡ ಪತಂಗಗಳು ಅದಕ್ಕೆ ಬರುತ್ತವೆ. ತೋಟಗಾರಿಕೆ ವಿಶ್ವವಿದ್ಯಾಲಯವೇ ಇರುವ ಊರು ನಮ್ಮದು, 2008ರಲ್ಲಿ ಶುರುವಾದದ್ದು. ಒಳ್ಳೆ ಸಸಿಗೆ ಬರ ಇಲ್ಲ.

ಈ ಹಂತದಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ಕರಿಬೇವಿನ ಎಲೆ ಖಾಲಿಯಾಗುತ್ತಿದೆ ಅಂತ ಕೀಟನಾಶಕದ ಎಣ್ಣೆ ಹೊಡೆಯುತ್ತಾರೆ. ಹೊಡೆದ ದಿನವೇ ಚಿಟ್ಟೆಯ ಕಥೆ ಮುಗಿಯಿತು. ಮರಿಗೆ ಕೊಟ್ಟ ಎಲೆ ಒಂದು ತಿಂಗಳಲ್ಲಿ ಮತ್ತೆ ಚಿಗುರುತ್ತದೆ. ಇಲಿ ಪಾಷಾಣವೂ ಬೇಡ. ವಿಷ ತಿಂದ ಇಲಿಯನ್ನು ಹಾಲಕ್ಕಿ ಅನ್ನುವ ಸಣ್ಣ ಗೂಬೆ ತಿಂದರೆ ಅದೂ ಸಾಯಬಹುದು.

ಹಂತ 4: ಬೆಳಕು, ಕೂರುವ ಜಾಗ

ಬೇಸಿಗೆಯಲ್ಲಿ ಬೆಳಿಗ್ಗೆ ಆರೂವರೆಯಿಂದ ಎಂಟೂವರೆ. ಸಂಜೆ ಐದರ ಮೇಲೆ. ಚಳಿಗಾಲದಲ್ಲಿ ಒಂಬತ್ತೂವರೆವರೆಗೂ ಬೆಳಕು ಮೆತ್ತಗಿರುತ್ತದೆ. ನಡುಹಗಲಿನ ಬಿಸಿಲಿನಲ್ಲಿ ತೆಗೆದರೆ ಅರ್ಧ ಬೆಳ್ಳಗೆ ಸುಟ್ಟಂತೆ, ಅರ್ಧ ಕರ್ರಗೆ ಬರುತ್ತದೆ. ಆಗ ನೋಡಿ, ಬರೆಯಿರಿ, ಫೋಟೊ ಬಿಡಿ.

ಸೂರ್ಯ ನಿಮ್ಮ ಬೆನ್ನಿಗಿರಲಿ. ಸೂರಕ್ಕಿಗೆ ಇದು ಬಹಳ ಮುಖ್ಯ. ಗಂಡು ಸೂರಕ್ಕಿಯ ನೇರಳೆ ಹೊಳಪು ಬಣ್ಣ ಬಳಿದದ್ದಲ್ಲ. ಗರಿಯ ರಚನೆಯ ಮೇಲೆ ಬೆಳಕು ಬಿದ್ದಾಗ ಹುಟ್ಟುವಂಥದ್ದು. ಬೆಳಕು ತಪ್ಪಿದರೆ ಅದೇ ಹಕ್ಕಿ ಬರೀ ಕಪ್ಪು.

ಅತಿ ಒಳ್ಳೆಯ ಅಡಗುತಾಣ ನಿಮ್ಮ ಅಡುಗೆ ಮನೆಯ ಕಿಟಕಿ. ಒಳಗೆ ಲೈಟ್ ಆರಿಸಿ, ಕಿಟಕಿಗೆ ಹಳೆಯ ಸೀರೆ ಕಟ್ಟಿ, ಲೆನ್ಸ್ ತೂರುವಷ್ಟು ಸಂದು ಬಿಡಿ. ಇಳಕಲ್ ಸೀರೆಯ ಕಡುಗೆಂಪು ಎಷ್ಟೇ ಚಂದ ಇದ್ದರೂ ಇದಕ್ಕೆ ಬೇಡ. ಹಕ್ಕಿಗಳಿಗೆ ಬಣ್ಣ ನಮಗಿಂತ ಚೆನ್ನಾಗಿ ಕಾಣುತ್ತದೆ. ಹೊರಗೆ ಕೂರುವುದಾದರೆ ನೆಲಕ್ಕೆ ಹತ್ತಿರ ಕೂರಿ. ನಿಂತು ಮೇಲಿನಿಂದ ತೆಗೆದ ಗುಬ್ಬಿ ಫೋಟೊದಲ್ಲಿ ಬೆನ್ನು ಮಾತ್ರ ಇರುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ಲೆನ್ಸ್ ಇಳಿಸಿ. ಅದೇ ಗುಬ್ಬಿ ಬೇರೆಯೇ ಕಾಣುತ್ತದೆ.

ಹಂತ 5: ಫೋನಿನಲ್ಲಿ ತೆಗೆಯುವುದು

ಮೊದಲು ಲೆನ್ಸ್ ಒರೆಸಿ. ಮಸುಕು ಬಂತು ಅಂತ ಕಳಿಸುವ ಫೋಟೊಗಳಲ್ಲಿ ಬಹಳಷ್ಟು ಕೈಯ ಎಣ್ಣೆ ಮೆತ್ತಿದ ಲೆನ್ಸಿನವು.

ಜೂಮ್ ವಿಷಯ ಸ್ವಲ್ಪ ತಿಳಿದುಕೊಳ್ಳಿ. ಫೋನಿನಲ್ಲಿ ಎರಡನೆಯ, ಮೂರನೆಯ ಲೆನ್ಸ್ ಬಳಸಿ ಹತ್ತಿರ ತರುವುದು ನಿಜವಾದ ಜೂಮ್. ಅದನ್ನು ಆಪ್ಟಿಕಲ್ ಜೂಮ್ ಅನ್ನುತ್ತಾರೆ. ಅದನ್ನು ದಾಟಿ ಬೆರಳಿನಿಂದ ಎಳೆದು ದೊಡ್ಡದು ಮಾಡುವುದು ಡಿಜಿಟಲ್ ಜೂಮ್. ಅದು ಚಿತ್ರದ ತುಂಡನ್ನು ಹಿಗ್ಗಿಸುವುದು ಅಷ್ಟೇ. ಅದಕ್ಕಿಂತ ಎಳೆಯದೆ ತೆಗೆದು ಆಮೇಲೆ ಕತ್ತರಿಸಿಕೊಳ್ಳುವುದು ಒಳ್ಳೆಯದು.

ಹೀಗಾಗಿ ಫೋನಿಗೆ ಹೇಳಿ ಮಾಡಿಸಿದ ವಿಷಯ ಹಕ್ಕಿಯಲ್ಲ, ಹುಳಹುಪ್ಪಟೆ. ಅಲ್ಲಿಂದ ಶುರು ಮಾಡಿ. ಬೆಳಿಗ್ಗೆ ತಂಪಿನಲ್ಲಿ ಕೀಟಗಳ ಮೈ ಇನ್ನೂ ಕಾದಿರುವುದಿಲ್ಲ. ನಿಧಾನವಾಗಿರುತ್ತವೆ. ಚಿಟ್ಟೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಾ ಕೂತಿರುತ್ತದೆ.

ಹತ್ತಿರ ಹೋಗುವ ರೀತಿ ಹೀಗೆ. ನಾಲ್ಕು ಅಡಿ ದೂರದಿಂದ ಒಂದು ಫೋಟೊ ತೆಗೆಯಿರಿ. ಹಾರಿಹೋದರೂ ಗುರುತು ಹಿಡಿಯಲು ಅದು ಸಾಕು. ಆಮೇಲೆ ಒಂದು ಹೆಜ್ಜೆ, ನಿಲ್ಲಿ, ಇನ್ನೊಂದು ತೆಗೆಯಿರಿ. ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ. ನೆರಳು ಬಿದ್ದ ಕೂಡಲೇ ಬಹಳಷ್ಟು ಕೀಟ ಹಾರುತ್ತವೆ. ತೀರ ಹತ್ತಿರ ಹೋದರೆ ಫೋಕಸ್ ಆಗುವುದಿಲ್ಲ. ಪ್ರತಿ ಲೆನ್ಸಿಗೂ ಇಷ್ಟಕ್ಕಿಂತ ಹತ್ತಿರ ಕಾಣದು ಅನ್ನುವ ಮಿತಿ ಇದೆ. ಮಸುಕಾದರೆ ಒಂದು ಗೇಣು ಹಿಂದೆ ಸರಿಯಿರಿ.

ಪರದೆಯಲ್ಲಿ ಕೀಟದ ಕಣ್ಣಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಹಲವು ಫೋನುಗಳಲ್ಲಿ ಫೋಕಸ್ ಅಲ್ಲೇ ನಿಲ್ಲುತ್ತದೆ. ಇದು ಫೋಕಸ್ ಲಾಕ್. ಪಕ್ಕದಲ್ಲಿ ಸೂರ್ಯನ ಚಿಹ್ನೆ ಬಂದರೆ ಅದನ್ನು ಸ್ವಲ್ಪ ಕೆಳಗೆ ಎಳೆಯಿರಿ. ನಮ್ಮ ಬಿಸಿಲಿಗೆ ಬಿಳಿ ಚಿಟ್ಟೆ, ಹಳದಿ ಹೂವು ಸುಟ್ಟುಹೋಗದಂತೆ ಇದು ಕಾಪಾಡುತ್ತದೆ. ರೆಕ್ಕೆ ಬಿಚ್ಚಿದ ಚಿಟ್ಟೆಗೆ ಫೋನನ್ನು ರೆಕ್ಕೆಗೆ ಸಮವಾಗಿ, ತಟ್ಟೆಯ ಮೇಲೆ ತಟ್ಟೆ ಇಟ್ಟಂತೆ ಹಿಡಿಯಿರಿ. ಓರೆ ಹಿಡಿದರೆ ಒಂದು ರೆಕ್ಕೆ ಸ್ಪಷ್ಟ, ಇನ್ನೊಂದು ಮಸುಕು.

ಮೊಣಕೈ ಎರಡನ್ನೂ ಮೊಣಕಾಲಿಗೆ ಊರಿ. ಒಂದರ ಬದಲು ಸಾಲಾಗಿ ಹತ್ತು ತೆಗೆಯಿರಿ. ಗಾಳಿಗೆ ಹೂವು ಅಲುಗುತ್ತಿರುತ್ತದೆ, ಹತ್ತರಲ್ಲಿ ಒಂದಾದರೂ ನಿಲ್ಲುತ್ತದೆ. ನೆರಳು ಕರ್ರಗಿದ್ದರೆ ಬಿಳಿ ಥರ್ಮಾಕೋಲ್ ತುಂಡನ್ನು ಇನ್ನೊಂದು ಬದಿಗೆ ಹಿಡಿದು ಬೆಳಕು ತಿರುಗಿಸಿ.

ಹಕ್ಕಿಯನ್ನು ಫೋನಿನಲ್ಲೇ ತೆಗೆಯಬೇಕು ಅನ್ನುವವರಿಗೆ ಒಂದು ಉಪಾಯ ಇದೆ. ನೀರಿನ ತಾಟಿನಿಂದ ಎರಡು ಮೂರು ಅಡಿ ದೂರಕ್ಕೆ, ಇಟ್ಟಿಗೆಗಳ ನಡುವೆ, ನೆರಳಿನಲ್ಲಿ ಫೋನ್ ನಿಲ್ಲಿಸಿ. 4ಕೆ ವಿಡಿಯೊ ಶುರು ಮಾಡಿ ಒಳಗೆ ಹೋಗಿ. ಕಾಲು ಗಂಟೆ ಬಿಟ್ಟು ಬನ್ನಿ. ಪಿಕಳಾರ, ಗೊರವಂಕ, ಹರಟೆಮಲ್ಲ ಸ್ನಾನ ಮಾಡಿ ಹೋಗಿರುತ್ತವೆ. 4ಕೆ ವಿಡಿಯೊದ ಒಂದೊಂದು ಚೌಕಟ್ಟೂ ಸುಮಾರು 8 ಮೆಗಾಪಿಕ್ಸೆಲ್ ಇರುತ್ತದೆ. ಬೇಕಾದದ್ದನ್ನು ಫೋಟೊ ಆಗಿ ಉಳಿಸಿಕೊಳ್ಳಬಹುದು. ಫೋನನ್ನು ಬಿಸಿಲಿನಲ್ಲಿ ಮಾತ್ರ ಇಡಬೇಡಿ. ಏಪ್ರಿಲ್ ಬಿಸಿಲಿಗೆ ಅದು ಕಾದು ತಾನೇ ಬಂದ್ ಆಗುತ್ತದೆ.

ಹಂತ 6: ಕ್ಯಾಮೆರಾ ಇದ್ದವರಿಗೆ ಎರಡೇ ಮಾತು

ಹಳೆಯ ಡಿಎಸ್‌ಎಲ್‌ಆರ್ ಮತ್ತು 300 ಮಿಲಿಮೀಟರ್‌ವರೆಗಿನ ಲೆನ್ಸ್ ಹಿತ್ತಲಿಗೆ ಧಾರಾಳ. ಶಟರ್ ವೇಗ, ಅಂದರೆ ಕ್ಯಾಮೆರಾ ಕಣ್ಣು ತೆರೆದಿರುವ ಹೊತ್ತು, ಕೂತ ಹಕ್ಕಿಗೆ 1/500 ಸೆಕೆಂಡ್, ಹಾರುವುದಕ್ಕೆ 1/2000 ಇರಲಿ. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಿ. ಅದು ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ. ಏರಿಸಿದರೆ ಮರಳು ಚೆಲ್ಲಿದಂತೆ ಚುಕ್ಕಿ ಬರುತ್ತವೆ, ಅದಕ್ಕೆ ಹೆದರಬೇಡಿ. ಅಲುಗಿದ ಫೋಟೊಗಿಂತ ಚುಕ್ಕಿಯ ಫೋಟೊ ಮೇಲು.

ಕ್ಯಾಮೆರಾ ಎಲ್ಲವನ್ನೂ ನಡುಬಣ್ಣದ ಬೂದಿ ಮಾಡಲು ನೋಡುತ್ತದೆ. ಕಪ್ಪು ಕಾಜಾಣವನ್ನು ತೆಗೆಯುವಾಗ ಎಕ್ಸ್‌ಪೋಷರ್, ಅಂದರೆ ಫೋಟೊಗೆ ಸಿಗುವ ಬೆಳಕು, ಸ್ವಲ್ಪ ತಗ್ಗಿಸಿ, ಬೆಳ್ಳಕ್ಕಿಗೆ ಸ್ವಲ್ಪ ಹೆಚ್ಚಿಸಿ. ಹಿಂದೆ ಇರುವ ಆಕಾಶ, ಗೋಡೆಯ ಬಣ್ಣವನ್ನೂ ನೋಡಿಕೊಂಡು ಬದಲಿಸಿ.

ಹಂತ 7: ಮಿರಗದ ಮಳೆ ಬಿದ್ದ ಮೇಲೆ, ರಾತ್ರಿ

ಜೂನ್‌ನಲ್ಲಿ ಮಿರಗದ ಮಳೆ ಒಂದೆರಡು ಸಲ ಚೆನ್ನಾಗಿ ಬಿದ್ದ ಮೇಲೆ ಎರೆ ಮಣ್ಣಿನ ಮೇಲೆ ಮಖಮಲ್ಲಿನಂಥ ಕೆಂಪು ಹುಳ ಓಡಾಡುತ್ತವೆ, ನೋಡಿರುತ್ತೀರಿ ಅಲ್ವಾ? ಕಾಲು ಎಣಿಸಿ, ಎಂಟು ಇವೆ. ಹಾಗಾಗಿ ಅದು ಕೀಟವಲ್ಲ, ಜೇಡ ಮತ್ತು ದನಕ್ಕೆ ಹತ್ತುವ ಉಣ್ಣೆಯ ಬಳಗ. ನೆಲದ ಮೇಲೆ ಮಲಗಿ ತೆಗೆಯಿರಿ. ಕೆಲವೇ ದಿನ ಕಾಣುತ್ತವೆ.

ಪತಂಗ ನೋಡಲು ಇದೇ ಕಾಲ. ಬಿಳಿ ಧೋತರವನ್ನು ಹಗ್ಗಕ್ಕೆ ಕಟ್ಟಿ, ಮುಂದೆ ಒಂದು ಬಲ್ಬ್ ತೂಗುಹಾಕಿ. ಏಳೂವರೆಯಿಂದ ಒಂಬತ್ತೂವರೆ. ಅಮಾವಾಸ್ಯೆಯ ಆಸುಪಾಸಿನ ಕತ್ತಲು ರಾತ್ರಿಗಳಲ್ಲಿ ಹೆಚ್ಚು ಬರುತ್ತವೆ. ಎರಡು ಗಂಟೆ ಹೊತ್ತು ಆದ ಮೇಲೆ ಲೈಟ್ ಆರಿಸಿಬಿಡಿ. ರಾತ್ರಿಯಿಡೀ ಉರಿಸಿದರೆ ಅವು ಊಟ, ಜೋಡಿ ಎಲ್ಲ ಮರೆತು ಅಲ್ಲೇ ಸುತ್ತಿ ಸುಸ್ತಾಗುತ್ತವೆ, ಬೆಳಿಗ್ಗೆ ಹಕ್ಕಿಗಳ ಬಾಯಿಗೆ ಬೀಳುತ್ತವೆ. ಆರಿಸಿದ ಮೇಲೆ ಬಟ್ಟೆಯನ್ನು ಮೆಲ್ಲಗೆ ಗಿಡದ ಮೇಲೆ ಕೊಡವಿ.

ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಇದ್ದರೆ ಚೇಳು ಹಸಿರಾಗಿ ಹೊಳೆಯುತ್ತದೆ. ನೋಡಲು ಅದ್ಭುತ. ಆದರೆ ನಮ್ಮ ಸೀಮೆಯ ಕೆಂಪು ಚೇಳು ಜೀವಕ್ಕೇ ಕುತ್ತು ತರಬಲ್ಲದು, ಅದರಲ್ಲೂ ಮಕ್ಕಳಿಗೆ. ಮೂರು ಅಡಿ ದೂರ ಬಿಡಿ, ಕಲ್ಲು ಎತ್ತಬೇಡಿ.

ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ರಾತ್ರಿ ಹಿತ್ತಲಿಗೆ ಇಳಿಯುವಾಗ ಮುಚ್ಚಿದ ಶೂ, ಕೈಯಲ್ಲಿ ಟಾರ್ಚ್ ಇರಲೇಬೇಕು. ಕಟ್ಟಿಗೆ ರಾಶಿ, ಇಟ್ಟಿಗೆ ಸಂದಿಗೆ ಕೈ ಹಾಕಬಾರದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮೂರೂ ನಮ್ಮ ಕಡೆ ಇವೆ. ಹಾವು ಕಂಡರೆ ಇರುವ ಜಾಗದಿಂದಲೇ ಹಿಂದೆ ಸರಿಯಿರಿ. ಒಂದು ಫೋಟೊಗೆ ಅದನ್ನು ಕೆಣಕಬೇಡಿ. ಕಚ್ಚಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕೈಕಾಲು ಅಲುಗಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆ ಸೇರಿ.

ಹಂತ 8: ಗೂಡು ಕಂಡರೆ

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಶುರುವಿನ ವರ್ಷಗಳಲ್ಲಿ ದಾಸವಾಳದಲ್ಲಿ ಪಿಕಳಾರದ ಗೂಡಿತ್ತು, ಮೂರು ಮರಿ. ಅಡ್ಡ ಬಂದ ಎರಡು ಟೊಂಗೆಯನ್ನು ದಾರದಿಂದ ಆಚೆ ಎಳೆದು ಕಟ್ಟಿ ಫೋಟೊ ತೆಗೆದೆ. ಮರುದಿನ ಕಾಗೆ ಮೂರನ್ನೂ ಒಯ್ದಿತ್ತು. ಎಲೆ ಮುಚ್ಚಿದ್ದೇ ಆ ಮರಿಗಳಿಗೆ ಕಾವಲಾಗಿತ್ತು. ಆ ಫೋಟೊವನ್ನು ನಾನು ಯಾರಿಗೂ ತೋರಿಸಿಲ್ಲ.

ಹಾಗಾಗಿ ಗೂಡಿನ ಹತ್ತಿರದ ಎಲೆ ಕೀಳಬೇಡಿ, ಟೊಂಗೆ ಕಟ್ಟಬೇಡಿ, ಫ್ಲ್ಯಾಶ್ ಬೇಡ. ತಾಯಿ ಹಕ್ಕಿ ಬಾಯಲ್ಲಿ ಹುಳ ಹಿಡಿದುಕೊಂಡು ಗೂಡಿಗೆ ಹೋಗದೆ ಟೊಂಗೆಯಿಂದ ಟೊಂಗೆಗೆ ಹಾರುತ್ತಾ ಕೂಗುತ್ತಿದ್ದರೆ ಅರ್ಥ ಒಂದೇ, ನೀವು ತೀರ ಹತ್ತಿರ ಇದ್ದೀರಿ. ಎದ್ದು ಒಳಗೆ ಹೋಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ಕಾವಲಾಗಿ ನಿಂತಿದೆ. ಗಿಳಿಮರಿ ಹಿಡಿದು ಸಾಕುವುದೂ ಅಪರಾಧ.

ಇನ್ನೂ ಕೆಲವು ಚಾಳಿಗಳಿವೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು: ತನ್ನ ಜಾಗಕ್ಕೆ ಬೇರೆಯದು ನುಗ್ಗಿತು ಅಂತ ಅದು ಹೊಟ್ಟೆಪಾಡು ಬಿಟ್ಟು ಜಗಳಕ್ಕೆ ಬರುತ್ತದೆ. ಚಿಟ್ಟೆ, ಮ್ಯಾಂಟಿಸ್ ಅಲುಗಬಾರದು ಅಂತ ಫ್ರಿಜ್ಜಿನಲ್ಲಿಟ್ಟು ತೆಗೆಯುವುದು. ಹಲ್ಲಿಯ ಬಾಯಿಗೆ ಹುಳ ಹಿಡಿದು ಕೊಡುವುದು. ಇವುಗಳಿಂದ ಬಂದ ಫೋಟೊ ಎಷ್ಟೇ ಚಂದವಿದ್ದರೂ ನನಗೆ ಕಳಿಸಬೇಡಿ, ನೋಡಲು ಮನಸ್ಸಾಗುವುದಿಲ್ಲ.

ಹಂತ 9: ಹೆಸರು ಹುಡುಕಿ, ದಾಖಲಿಸಿ

ಹಕ್ಕಿಗೆ ಮರ್ಲಿನ್ ಆ್ಯಪ್ ಒಳ್ಳೆಯದು. ಕೂಗು ಕೇಳಿಸಿದರೂ ಹೆಸರು ಸೂಚಿಸುತ್ತದೆ. ಅದು ಹೇಳಿದ್ದೇ ಸರಿ ಅಂತ ನಂಬದೆ ಕಣ್ಣಿನಿಂದ ಖಾತ್ರಿ ಮಾಡಿಕೊಳ್ಳಿ. ಉಳಿದ ಜೀವಗಳಿಗೆ ಐನ್ಯಾಚುರಲಿಸ್ಟ್. ಫೋಟೊ ಹಾಕಿದರೆ ತಿಳಿದವರು ಬಂದು ತಿದ್ದುತ್ತಾರೆ. ಅದಕ್ಕೆ ಒಂದೇ ಚಂದದ ಫೋಟೊ ಸಾಲದು. ಚಿಟ್ಟೆಯಾದರೆ ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡೂ, ಕೂತಿದ್ದ ಗಿಡದ್ದೂ ಒಂದು ಬೇಕು. ಹಾಕುವಾಗ ಜಾಗವನ್ನು ಮರೆಮಾಡುವ ಆಯ್ಕೆ ಆರಿಸಿ. ಗೂಡಿಗೂ ಒಳ್ಳೆಯದು, ನಿಮ್ಮ ಮನೆಯ ವಿಳಾಸಕ್ಕೂ ಒಳ್ಳೆಯದು.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಕನಿಷ್ಠ ಹದಿನೈದು ನಿಮಿಷ ಕೂತು ಕಂಡ ಹಕ್ಕಿಗಳನ್ನು ಇಬರ್ಡ್ ಅನ್ನುವ ಹಕ್ಕಿ ದಾಖಲೆಯ ಜಾಲತಾಣದಲ್ಲಿ ದಾಖಲಿಸಬೇಕು, ಅಷ್ಟೇ. ಭಾರತದವರು 2013ರಿಂದ ಇದರಲ್ಲಿ ಸೇರಿದ್ದಾರೆ. ಫೆಬ್ರವರಿ ಹೊತ್ತಿಗೆ ನಮ್ಮ ಕಡೆ ಬಿಳಿಜೋಳದ ಹೊಲಗಳ ಮೇಲೆ ಗುಲಾಬಿ ಮೈನಾಗಳ ಹಿಂಡು ಇನ್ನೂ ಇರುತ್ತದೆ, ಮಧ್ಯ ಏಷ್ಯಾದ ಕಡೆಯಿಂದ ಬಂದ ಅತಿಥಿಗಳು. ಕಾಂಪೌಂಡ್ ಮೇಲೆ ಕಿತ್ತಳೆ ಬಾಲವನ್ನು ಸದಾ ನಡುಗಿಸುತ್ತಾ ಕೂರುವ ಸಣ್ಣ ಕಪ್ಪು ಹಕ್ಕಿ ಕಂಡರೆ ಅದು ಬ್ಲ್ಯಾಕ್ ರೆಡ್‌ಸ್ಟಾರ್ಟ್, ಅದೂ ಚಳಿಗಾಲಕ್ಕೆ ಬಂದದ್ದೇ. ಗುಬ್ಬಿ, ಕಾಗೆಯನ್ನೂ ಬಿಡದೆ ಬರೆಯಿರಿ. ಸಾಮಾನ್ಯ ಹಕ್ಕಿ ಕಡಿಮೆಯಾಗುತ್ತಿದೆಯೋ ಇಲ್ಲವೋ ಅಂತ ತಿಳಿಯುವುದು ಇಂಥ ಪಟ್ಟಿಗಳಿಂದಲೇ.

ಮರಿ ಕೆಳಗೆ ಬಿದ್ದಿದ್ದರೆ?

ಮಾರ್ಚ್‌ನಿಂದ ಮಳೆಗಾಲದವರೆಗೆ ಇದೇ ಫೋನ್ ಹೆಚ್ಚು ಬರುತ್ತದೆ. ಮೈತುಂಬ ಗರಿ ಬಂದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ಎತ್ತಿ ಒಳಗೆ ತರಬೇಡಿ. ಬೆಕ್ಕು ನಾಯಿಯನ್ನು ದೂರ ಕಟ್ಟಿ, ಮರಿಯನ್ನು ಹತ್ತಿರದ ಪೊದೆಯೊಳಗೆ ಬಿಡಿ. ಗರಿ ಬಾರದ ಮರಿಯಾದರೆ ಗೂಡಿಗೇ ಹಿಂದಿರುಗಿಸಿ. ಮನುಷ್ಯರ ವಾಸನೆ ತಾಗಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ನಿಜವಲ್ಲ. ಗೂಡು ಹರಿದಿದ್ದರೆ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಸಿ ಅದೇ ಟೊಂಗೆಗೆ ಕಟ್ಟಿ. ಬಾಯಿಗೆ ಹಾಲು, ನೀರು ಹನಿಸಬೇಡಿ, ಉಸಿರಿನ ನಾಳಕ್ಕೆ ಇಳಿದು ಸತ್ತುಹೋಗುತ್ತದೆ. ಮನೆಯೊಳಗಿಂದ ಒಂದು ಗಂಟೆ ನೋಡಿ. ಸಾಮಾನ್ಯವಾಗಿ ತಾಯಿ ಬಂದೇ ಬರುತ್ತದೆ. ರೆಕ್ಕೆ ಮುರಿದಿದ್ದರೆ, ರಕ್ತ ಕಂಡರೆ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಫೋನ್ ಮಾಡಿ.